ಸುತ್ತಿಟ್ಟ ಹಾಸಿಗೆ, ಸುತ್ತಲಾಗದ ಹಾಸಿಗೆ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ನಾವು ಡೊಂಬಿವಲಿಯ ಹಳೆಯ ಮನೆಯನ್ನು ಬಿಟ್ಟು ಠಾಣೆಗೆ ಬಂದೆವು. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ನಿಶ್ಚಯವಾಗಿತ್ತು. ಮನೆ ಬದಲಾಯಿಸುವುದು ಈ ಕಡೆಯ ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ಪಾತ್ರೆ, ಪುಸ್ತಕ, ದೇವರ ಪಟಗಳು ಪೆಟ್ಟಿಗೆ ಸೇರಿದವು. ಕಪಾಟು, ಫ್ರಿಜ್ಜುಗಳು ಹಮಾಲರ ಬೆನ್ನೇರಿದವು. ತಕರಾರು ಹೂಡಿದ್ದು ಒಂದೇ ವಸ್ತು, ಹಾಸಿಗೆ.

ಅದು 78 ಇಂಚು ಉದ್ದ, 72 ಇಂಚು ಅಗಲದ ಸ್ಪ್ರಿಂಗ್ ಹಾಸಿಗೆ. ಲಿಫ್ಟಿನೊಳಗೆ ಅಡ್ಡಕ್ಕೂ ಹೋಗಲಿಲ್ಲ, ಉದ್ದಕ್ಕೂ ಹೋಗಲಿಲ್ಲ. ನಾಲ್ವರು ಹಮಾಲರು ಅದನ್ನು ಮೆಟ್ಟಿಲ ದಾರಿಯಲ್ಲಿ ಇಳಿಸತೊಡಗಿದರು. ಪ್ರತಿ ತಿರುವಿನಲ್ಲೂ ನಿಂತು, ‘ತಿರಪಿ ಕರಾ, ತಿರಪಿ’ ಎಂದು ಒಬ್ಬರಿಗೊಬ್ಬರು ಕೂಗಿಕೊಂಡು, ಗೋಡೆಯ ಸುಣ್ಣವನ್ನೆಲ್ಲ ಅದರ ಬಟ್ಟೆಗೆ ಬಳಿಸಿ, ಅಂತೂ ನೆಲ ಮುಟ್ಟಿಸಿದರು. ಕೆಳಗೆ ನಿಂತಿದ್ದ ‘ಛೋಟಾ ಹಾಥಿ’ ಗಾಡಿಯ ಚಾಲಕ ಅದನ್ನೊಮ್ಮೆ ನೋಡಿ, ಉಳಿದ ಸಾಮಾನಿನ ಜೊತೆ ಇದು ಹಿಡಿಸುವುದಿಲ್ಲ, ಇನ್ನೊಂದು ಸುತ್ತು ಬರಬೇಕು, ಬಾಡಿಗೆ ಬೇರೆ ಎಂದ. ವಾದಿಸುವ ತ್ರಾಣ ನಮ್ಮಲ್ಲಿರಲಿಲ್ಲ.

ಮನೆಯಲ್ಲಿ ಇನ್ನೊಂದು ಹಾಸಿಗೆಯೂ ಇತ್ತು. ನಮ್ಮ ಆಯಿ 1969ರಲ್ಲಿ ಮದುವೆಯಾಗಿ ಕುಮಟೆಯ ಕಡೆಯಿಂದ ಮುಂಬಯಿಗೆ ಬಂದಾಗ ಜೊತೆಯಲ್ಲಿ ತಂದದ್ದು. ಒಬ್ಬರು ಮಲಗುವಷ್ಟು ಅಗಲದ, ಹತ್ತಿ ತುಂಬಿದ, ನೀಲಿ ಪಟ್ಟೆಯ ಗವಸಿನ ಹಾಸಿಗೆ. ಆಯಿ ತೀರಿಕೊಂಡು ಆರು ವರ್ಷಗಳಾಗಿದ್ದವು. ಅವರು ಕೊನೆಯ ಸಲ ಸುತ್ತಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಿಟ್ಟಂತೆಯೇ ಅದು ಅಟ್ಟದ ಮೇಲಿತ್ತು. ಒಬ್ಬನೇ ಹಮಾಲ ಅದನ್ನು ಹೆಗಲ ಮೇಲೆ ಇಳಿಸಿ ತಂದು ನಮ್ಮ ಸಣ್ಣ ಕಾರಿನ ಹಿಂದಿನ ಆಸನದಲ್ಲಿ ಕೂರಿಸಿದ. ಕೂರಿಸಿದ ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮುದುಡಿ ಕುಳಿತ ವೃದ್ಧೆಯಂತೆಯೇ ಅದು ಕಿಟಕಿಯ ಪಕ್ಕ ಕುಳಿತಿತ್ತು.

ಐವತ್ತು ವರ್ಷ ಹಳೆಯ ಹಾಸಿಗೆ ಕಾರಿನಲ್ಲಿ ಬಂತು, ಎಂಟು ವರ್ಷದ ಹಾಸಿಗೆಗೆ ಪ್ರತ್ಯೇಕ ಗಾಡಿ ಬೇಕಾಯಿತು. ಸುತ್ತಿ ಹೆಗಲ ಮೇಲೆ ಹೊರಲೆಂದೇ ಹುಟ್ಟಿದ್ದ ವಸ್ತು ಯಾವಾಗ ಹಲಗೆಯಾಯಿತು? ಅದನ್ನು ಹೊತ್ತು ಊರು ಬಿಟ್ಟು ಬಂದ ನಮ್ಮಂಥವರ ಪಾಲಿಗೆ ಈ ಬದಲಾವಣೆಯ ಅರ್ಥವೇನು? ಆ ದಿನಗಳಿಂದ ಈ ಪ್ರಶ್ನೆ ನಮ್ಮನ್ನು ಕಾಡುತ್ತ ಬಂದಿದೆ.

ಕನ್ನಡದ ‘ಹಾಸಿಗೆ’ ಎಂಬ ಪದ ಹಾಸುವುದರಿಂದ ಬಂದದ್ದು; ಹಳಗನ್ನಡದಲ್ಲಿ ಅದು ‘ಪಾಸು’. ಹಾಸಬೇಕಾದರೆ ಮೊದಲು ಸುತ್ತಿಟ್ಟಿರಬೇಕು ಎಂಬ ಭಾವ ಆ ಪದದೊಳಗೇ ಅಡಗಿದೆ. ಚಾಪೆ, ಕಂಬಳಿ, ಕೌದಿ, ಜಮಖಾನ ಎಲ್ಲವೂ ಇದೇ ಕುಲದವು: ರಾತ್ರಿ ಬಿಚ್ಚಿಕೊಳ್ಳುವವು, ಬೆಳಗ್ಗೆ ಮೂಲೆ ಸೇರುವವು. ‘ಮ್ಯಾಟ್ರೆಸ್’ ಎಂಬ ಇಂಗ್ಲಿಷ್ ಪದವೂ ನೆಲದಿಂದಲೇ ಎದ್ದದ್ದು. ಏನನ್ನಾದರೂ ಕೆಳಗೆ ಹಾಕುವ ಸ್ಥಳ ಎಂಬ ಅರ್ಥದ ಅರಬ್ಬಿ ಮಾತು ಇಟಲಿಯ ಮೂಲಕ ಯುರೋಪಿಗೆ ಹೋಗಿ ಆ ರೂಪ ತಾಳಿತು. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಇಲ್ಲಿಯ ಮಂಚಗಳ ವಿಷಯ ಬರೆದಿಟ್ಟಿದ್ದಾನೆ. ಅವು ಎಷ್ಟು ಹಗುರವೆಂದರೆ ಒಬ್ಬನೇ ಹೊರಬಲ್ಲ. ಪ್ರವಾಸಿಗಳು ತಮ್ಮ ಮಂಚವನ್ನು ತಾವೇ ಒಯ್ಯಬೇಕು, ಆಳು ಅದನ್ನು ತಲೆಯ ಮೇಲೆ ಹೊತ್ತು ಹಿಂದೆ ಬರುತ್ತಾನೆ. ನಾಲ್ಕು ಕಾಲುಗಳ ನಡುವೆ ರೇಷ್ಮೆಯ ಅಥವಾ ಹತ್ತಿಯ ಪಟ್ಟಿ ಹೆಣೆದಿರುವುದರಿಂದ ಮೇಲೆ ಮೆತ್ತೆಯೂ ಬೇಡ ಎಂಬುದು ಅವನ ವಿವರಣೆಯ ಸಾರ. ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡುಹೋದ ಆ ಪ್ರವಾಸಿಗೆ, ನಿದ್ರೆಯ ಸಲಕರಣೆಯನ್ನು ಜೊತೆಗೆ ಒಯ್ಯುವುದು ಈ ದೇಶದ ವಿಶೇಷವಾಗಿ ತೋರಿತ್ತು.

ಹತ್ತಿಯ ಹಾಸಿಗೆ ಎಂದರೆ ಹತ್ತು ಹನ್ನೆರಡು ಕಿಲೋ ಹತ್ತಿ, ಅದರ ಹಲವು ಪಟ್ಟು ಜಾಗ ಹಿಡಿಯುವ ಗಾಳಿ. ಮೆತ್ತಗಿರುವುದು ಹತ್ತಿಯಲ್ಲ, ಗಾಳಿ. ಸಾಗಿಸುವಾಗ ತೊಡಕಾಗುವುದೂ ಅದೇ. ಆದ್ದರಿಂದ ಹಾಸಿಗೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದ ಚರಿತ್ರೆಯೆಂದರೆ ಈ ಗಾಳಿಯೊಡನೆ ಮನುಷ್ಯ ನಡೆಸಿದ ವ್ಯವಹಾರದ ಚರಿತ್ರೆ. ಈ ವ್ಯವಹಾರದ ಒಂದು ದೊಡ್ಡ ಅಧ್ಯಾಯ ನಡೆದದ್ದು ಕುಮಟೆ ಮತ್ತು ಮುಂಬಯಿಗಳ ನಡುವೆ.

19ನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಮುಂಬಯಿಯ ಪೇಟೆಯಲ್ಲೂ ಲಿವರ್‌ಪೂಲಿನಲ್ಲೂ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯ ಮಳೆಗೆ ಹತ್ತಿ ಬದುಕುವುದೂ ಇಲ್ಲ. ಹುಬ್ಬಳ್ಳಿ, ಗದಗಗಳ ಕರಿಮಣ್ಣಿನಲ್ಲಿ ಬೆಳೆದ ಹತ್ತಿಯನ್ನು ಎತ್ತುಗಳ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿಸಿ ಕುಮಟೆಯ ಬಂದರಿನಿಂದ ಹಡಗೇರಿಸುತ್ತಿದ್ದರು, ಅಷ್ಟೆ. ಬಂದರಿನ ಹೆಸರು ಬೆಳೆಗೆ ಅಂಟಿಕೊಂಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಲಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಕಾರವಾರದ ಬಂದರಿನ ಮೂಲಕ ಹತ್ತಿ ಸಾಗಿಸುವ ಹಂಬಲವಿತ್ತು. ಕಾರವಾರ, ಕುಮಟೆ, ಹೊನ್ನಾವರಗಳ ಜನ ಮದ್ರಾಸಿನ ಕಡೆ ನೋಡುವುದನ್ನು ಬಿಟ್ಟು ಮುಂಬಯಿಯತ್ತ ಮುಖ ಮಾಡಿದ್ದರಲ್ಲಿ ಈ ಹತ್ತಿಯ ಪಾಲೂ ಇದೆ. ನಮ್ಮ ಆಯಿಯ ತವರಿನವರು ಮುಂಬಯಿಯ ವರನನ್ನು ಹುಡುಕಿದ್ದರ ಮೂಲ ಅಷ್ಟು ಹಿಂದೆ ಹೋಗುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು.

ಬಿಡಿ ಹತ್ತಿಯನ್ನು ಹಡಗಿನಲ್ಲಿ ತುಂಬಿದರೆ ಹಡಗು ಗಾಳಿಯನ್ನೇ ಹೊತ್ತು ಹೋದಂತಾಗುತ್ತದೆ. ಬಾಡಿಗೆಯನ್ನು ಜಾಗಕ್ಕೆ ಕೊಡಬೇಕು, ತೂಕ ಮಾತ್ರ ಅಲ್ಪ. ಹೀಗಾಗಿ ಮುಂಬಯಿಯ ಕೊಲಾಬಾ ತೀರದಲ್ಲಿ ಹತ್ತಿಯನ್ನು ಒತ್ತುವ ಪ್ರೆಸ್ಸುಗಳು ಎದ್ದವು. ಮೊದಲು ಮನುಷ್ಯರು ಸುತ್ತಿ ತಿರುಗಿಸುವ ತಿರುಪಿನ ಯಂತ್ರಗಳು, ಆಮೇಲೆ ನೀರಿನ ಒತ್ತಡದ ಯಂತ್ರಗಳು. ಹತ್ತಿಯ ಗುಡ್ಡೆ ಅವುಗಳ ಕೆಳಗೆ ಮರದ ದಿಮ್ಮಿಯಂತೆ ಗಟ್ಟಿಯಾಗಿ, ಕಬ್ಬಿಣದ ಪಟ್ಟಿ ಬಿಗಿಸಿಕೊಂಡು ಹೊರಬರುತ್ತಿತ್ತು. ಇಂದಿಗೂ ಭಾರತದ ಹತ್ತಿ ಬೇಲಿನ ತೂಕ 170 ಕಿಲೋ. ಅದರಲ್ಲಿ ಹದಿನಾಲ್ಕು ಹದಿನೈದು ಹಾಸಿಗೆ ಹೊಲಿಯಬಹುದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗ, ಹುಬ್ಬಳ್ಳಿಗಳನ್ನು ಮುಟ್ಟಿದ ಮೇಲೆ ಹತ್ತಿ ಕುಮಟೆಯ ದಾರಿಯನ್ನು ಮರೆಯಿತು. ಬಂದರು ಬಡವಾಯಿತು. ಹತ್ತಿ ಹೋಗುವುದು ನಿಂತ ಊರಿನಿಂದ ಮನುಷ್ಯರು ಹೋಗತೊಡಗಿದರು.

ಹೋಗುವವರ ಕೈಯಲ್ಲಿ ಇರುತ್ತಿದ್ದುದು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ. ಮರಾಠಿಯಲ್ಲಿ ಈ ಸುರುಳಿಗೆ ‘ವಳಕಟಿ’ ಎಂಬ ಒಳ್ಳೆಯ ಪದವಿದೆ. ಮುಂಬಯಿಯ ಹಳೆಯ ಕನ್ನಡಿಗರ ಬಾಯಲ್ಲೂ ಅದು ಸಲೀಸಾಗಿ ಓಡಾಡುತ್ತಿತ್ತು. ಸಾಹೇಬರಿಗೆ ಮತ್ತು ಸಾಹೇಬರಂತಾಗಬಯಸುವವರಿಗೆ ‘ಹೋಲ್ಡಾಲ್’ ಇತ್ತು: ದಪ್ಪ ಕ್ಯಾನ್ವಾಸಿನ ಹೊದಿಕೆ, ಎರಡು ತುದಿಗಳಲ್ಲಿ ದಿಂಬು ಬಟ್ಟೆಗಳಿಗೆ ಚೀಲ, ಸುತ್ತಿ ಬಿಗಿಯಲು ಚರ್ಮದ ಪಟ್ಟಿ. ಸೈನ್ಯದಿಂದ ಸಂಸಾರಕ್ಕೆ ಬಂದ ವಸ್ತು ಅದು. ಒಳಗಿನ ತೆಳು ಹಾಸಿಗೆಯ ಜೊತೆಗೆ ಚಪ್ಪಲಿ, ಲೋಟ, ಕೆಲವೊಮ್ಮೆ ಹಪ್ಪಳದ ಕಟ್ಟು ಕೂಡ ಅದರೊಳಗೆ ಪ್ರಯಾಣ ಮಾಡುತ್ತಿದ್ದವು.

ರೈಲಿನ ಮೂರನೆಯ ದರ್ಜೆಯಲ್ಲಿ ಈ ಸುರುಳಿಯೇ ಆಸನ, ಅದೇ ಒರಗು, ಜಾಗ ಸಿಕ್ಕರೆ ಅದೇ ಶಯ್ಯೆ. ಜಾಗ ಸಿಗುವುದು ಮಾತ್ರ ದೈವಾಧೀನ. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲುಮಾರ್ಗವೂ ಮದ್ರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿ. ಆ ದಾರಿಯಲ್ಲಿ 1917ರಲ್ಲಿ ಗಾಂಧೀಜಿ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿ, ಕಂಡದ್ದನ್ನು ಬರೆದರು. ಎರಡು ರಾತ್ರಿಯ ಪ್ರಯಾಣ, ಇಪ್ಪತ್ತೆರಡು ಜನ ಕೂರುವ ಡಬ್ಬಿ, ಮಲಗುವ ಏರ್ಪಾಡಿಲ್ಲ. ಬಹುಪಾಲು ಜನ ಕುಳಿತಲ್ಲೇ ತೂಕಡಿಸಬೇಕು. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯಲಾರದಷ್ಟಾಯಿತು ಎಂದು ಅವರು ಹೇಳುತ್ತಾರೆ. ಆ ಗಾಡಿಗೆ ರಾಯಚೂರಿನಲ್ಲಿ ಹತ್ತಿದವರಲ್ಲಿ ಸುರುಳಿ ಹೊತ್ತ ಕನ್ನಡಿಗರೂ ಇದ್ದಿರಬೇಕು. ತಾವು ಚರಿತ್ರೆಯ ಒಂದು ವಾಕ್ಯದಲ್ಲಿ ನುಗ್ಗಲಾಗಿ ಸೇರಿದ್ದೇವೆಂದು ಅವರಿಗೆ ತಿಳಿದಿರಲಾರದು.

ಈ ಸುರುಳಿಯ ಮೇಲೆ ಸರಕಾರದ ಕೆಂಗಣ್ಣು ಬಿದ್ದ ಕಾಲವೂ ಒಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ರೋಗ ಹೇಗೆ ಹರಡುತ್ತದೆಂದು ಆಗ ಯಾರಿಗೂ ಖಚಿತವಿರಲಿಲ್ಲ. ಇಲಿಯ ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ ಮೇಲೂ ಅದನ್ನು ಒಪ್ಪಲು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಅನುಮಾನವೆಲ್ಲ ಬಡವರ ಬಟ್ಟೆಬರೆ, ಹಾಸಿಗೆ, ಕೌದಿಗಳ ಮೇಲೆ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಮೇಲಂತೂ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ನಿಲ್ಲಿಸಿ ಗಂಟುಗಳನ್ನು ಬಿಚ್ಚಿಸುವುದು, ಔಷಧದ ನೀರಿನಲ್ಲಿ ಅದ್ದುವುದು, ರೋಗಿಯ ಮನೆಯ ಹಾಸಿಗೆಯನ್ನು ಬೀದಿಯಲ್ಲಿ ಸುಡುವುದು ನಡೆಯಿತು. ರೋಗ ಅಷ್ಟಕ್ಕೆ ನಿಲ್ಲದೆ ರೈಲು ಹಿಡಿದು ಹುಬ್ಬಳ್ಳಿ, ಧಾರವಾಡಗಳಿಗೆ ಬಂತು. 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಔಷಧದ ನೀರಿನಲ್ಲಿ ಅದ್ದಿದ ಹತ್ತಿಯ ಹಾಸಿಗೆ ಒಣಗಿದ ಮೇಲೆ ಗಂಟುಗಂಟಾಗಿ ಕಲ್ಲಾಗುತ್ತದೆ. ಸುಡುವುದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮನೆಗೆ ಒಂದೇ ಹಾಸಿಗೆಯಿದ್ದವರು ಆಮೇಲೆ ಯಾವುದರ ಮೇಲೆ ಮಲಗಿದರೆಂದು ದಾಖಲೆಗಳಲ್ಲಿ ಹುಡುಕುವುದು ವ್ಯರ್ಥ.

ಮುಂಬಯಿಗೆ ಬಂದ ಸುರುಳಿ ಎಲ್ಲಿ ಬಿಚ್ಚಿಕೊಳ್ಳುತ್ತಿತ್ತು? ಚಾಳಿನ ಒಂದೇ ಕೋಣೆಯಲ್ಲಿ, ಹೊರಗಿನ ಗ್ಯಾಲರಿಯಲ್ಲಿ, ಮೆಟ್ಟಿಲಿನ ಕೆಳಗೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ಹುಡುಗರು ಹೊಟೇಲಿನಲ್ಲಿ ದಿನವೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಓದಿ ಬಂದು, ಮೇಜುಗಳನ್ನು ಜೋಡಿಸಿ ಅದರ ಮೇಲೆ ಹಾಸಿಕೊಂಡರು. ಬೆಳಗ್ಗೆ ಮೊದಲ ಗಿರಾಕಿ ಬರುವ ಮುಂಚೆ ಸುರುಳಿ ಉಗ್ರಾಣ ಸೇರಬೇಕು. ಗಿರಣಿ ಕೆಲಸಗಾರರ ಕೋಣೆಗಳಲ್ಲಿ ಪಾಳಿಗೆ ತಕ್ಕಂತೆ ಒಂದೇ ಜಾಗದಲ್ಲಿ ಹಗಲೊಬ್ಬನ ಹಾಸಿಗೆ, ರಾತ್ರಿಯೊಬ್ಬನ ಹಾಸಿಗೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವ ಗಾದೆಯನ್ನು ಈ ನಗರದಲ್ಲಿ ಜಾಗ ಇದ್ದಷ್ಟು ಹಾಸಿಗೆ ಚಾಚು ಎಂದು ತಿದ್ದಿಕೊಳ್ಳಬೇಕಾಯಿತು. ಹಾಸಿಗೆ ಸುತ್ತಿಟ್ಟಿದ್ದರೆ ಮನೆ. ಬಿಚ್ಚಿದ್ದರೆ ಮಲಗುವ ಕೋಣೆ. ಇನ್ನೊಂದು ಮಾತನ್ನೂ ಹೇಳಬೇಕು. ಹಾಸಿಗೆಯನ್ನು ಪ್ರತಿದಿನ ಸುತ್ತುವವನು ಒಂದು ದಿನ ಅದನ್ನು ಸುತ್ತಿಕೊಂಡು ಊರಿಗೆ ಹೊರಟುಬಿಡಬಲ್ಲ. ಆ ತಲೆಮಾರಿನವರು ಮೂವತ್ತು ವರ್ಷ ಇಲ್ಲಿದ್ದರೂ ಮುಂಬಯಿಯನ್ನು ‘ಮನೆ’ ಎನ್ನುತ್ತಿರಲಿಲ್ಲ, ‘ರೂಮು’ ಎನ್ನುತ್ತಿದ್ದರು.

ಆಯಿ ಬಂದಾಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಕುಮಟೆಯಿಂದ ಹುಬ್ಬಳ್ಳಿಗೆ ಬಸ್ಸು. ಹಾಸಿಗೆ ಬಸ್ಸಿನ ನೆತ್ತಿಯ ಮೇಲೆ, ಬಾಳೆಗೊನೆಗಳ ನಡುವೆ. ಹುಬ್ಬಳ್ಳಿಯಿಂದ ಪುಣೆಗೆ ಮೀಟರ್ ಗೇಜಿನ ರೈಲು. ಪುಣೆಯಲ್ಲಿ ಇಳಿದು ಹಾಸಿಗೆಯನ್ನು ಹೊತ್ತು ಮತ್ತೊಂದು ರೈಲು. ಬೋರಿಬಂದರಿನಲ್ಲಿ ಇಳಿದ ಮೇಲೆ ಫಿಯೆಟ್ ಟ್ಯಾಕ್ಸಿಯ ಕ್ಯಾರಿಯರು. ಆ ಕಾಲದ ಕಪ್ಪು-ಹಳದಿ ಟ್ಯಾಕ್ಸಿಗಳ ನೆತ್ತಿಯ ಮೇಲಿನ ಕಬ್ಬಿಣದ ಜಾಲರಿ ಟ್ರಂಕು ಮತ್ತು ಸುರುಳಿಗಳ ಅಳತೆಗೇ ಹೇಳಿ ಮಾಡಿಸಿದಂತಿತ್ತು. ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು ದಶಕಗಳ ಕಾಲ ಓಡಿದ ಆ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಜಾಲರಿಯ ಮೇಲೆ ಹಾಸಿಗೆ ಏರುವುದು ನಿಂತುಹೋಗಿತ್ತು.

ಸುರುಳಿಗೆ ಜೀವ ತುಂಬುತ್ತಿದ್ದವರು ಪಿಂಜಾರರು. ಬಳಸಿದಂತೆ ಹತ್ತಿ ಅಡಗುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಹಾಸಿಗೆ ನೆಲಕ್ಕೆ ಅಂಟುತ್ತದೆ. ಆಗ ಹೊಲಿಗೆ ಬಿಚ್ಚಿ, ಹತ್ತಿಯನ್ನು ಹೊರತೆಗೆದು ಹಿಂಜಬೇಕು. ಪಿಂಜಾರರ ಬಿಲ್ಲು ಆಳೆತ್ತರದ್ದು. ಅದಕ್ಕೆ ಪ್ರಾಣಿಯ ನರದ ಹುರಿ. ಮರದ ಕೊಡತಿಯಿಂದ ಹುರಿಯನ್ನು ಬಡಿದರೆ ಅದು ಕಂಪಿಸಿ, ತಾಗಿದ ಹತ್ತಿಯ ಎಳೆಗಳನ್ನು ಬಿಡಿಸಿ ಎಸೆಯುತ್ತದೆ. ಧೂಳು, ಕಸ ಕೆಳಗುಳಿಯುತ್ತದೆ, ಎಳೆಗಳ ನಡುವೆ ಗಾಳಿ ಸೇರುತ್ತದೆ. ಢಂಯ್ ಢಂಯ್ ಎಂಬ ಆ ನಾದ ಮಳೆಗಾಲ ಮುಗಿದು ಬಿಸಿಲು ಬಿದ್ದೊಡನೆ ಉತ್ತರ ಕರ್ನಾಟಕದ ಓಣಿಗಳಲ್ಲಿ ಕೇಳಿಸುತ್ತಿತ್ತು, ಮುಂಬಯಿಯ ಗಲ್ಲಿಗಳಲ್ಲೂ ಕೇಳಿಸುತ್ತಿತ್ತು. ಪಿಂಜಾರರಿಗೆ ನಮ್ಮಲ್ಲಿ ನದಾಫರೆಂದೂ ಹೆಸರಿದೆ. ಅರಬ್ಬಿಯಲ್ಲಿ ಆ ಪದಕ್ಕೂ ಹತ್ತಿ ಹಿಂಜುವವನೆಂದೇ ಅರ್ಥ. ಕೊಲಾಬಾದ ಪ್ರೆಸ್ಸು ಹತ್ತಿಯಿಂದ ಹೊರದಬ್ಬಿದ ಗಾಳಿಯನ್ನು ಈ ಬಿಲ್ಲು ಮರಳಿ ತುಂಬುತ್ತಿತ್ತು. ಒಂದು ಕೈಗಾರಿಕೆಗೆ ಇನ್ನೊಂದು ಕಸುಬು ಹೀಗೆ ಉತ್ತರ ಕೊಡುವುದನ್ನು ಅರ್ಥಶಾಸ್ತ್ರದ ಪುಸ್ತಕಗಳು ಗಮನಿಸುವುದು ಕಡಿಮೆ.

ಡೊಂಬಿವಲಿಯ ನಮ್ಮ ಗಲ್ಲಿಗೆ ಬರುತ್ತಿದ್ದ ಪಿಂಜಾರರು ವಿಜಾಪುರದ ಕಡೆಯವರು. ಆಯಿಯ ಮಾತಿನಲ್ಲಿ ಕನ್ನಡ ಕೇಳಿದ ದಿನದಿಂದ ಅವರು ಮರಾಠಿ ಬಿಟ್ಟು ಕನ್ನಡವನ್ನೇ ಆಡತೊಡಗಿದರು. ಹತ್ತಿಯನ್ನು ಅಂಗೈಯಲ್ಲಿ ಹಿಡಿದು, ‘ಅಕ್ಕಾರ, ಈ ಅರಳಿ ಇನ್ನಾ ಹತ್ತ ವರ್ಷ ಬಾಳಿಕಿ ಬರತೈತ್ರಿ’ ಎನ್ನುವರು. ಮೂರು ವರ್ಷಕ್ಕೊಮ್ಮೆ ಬಂದಾಗಲೂ ಅದೇ ಮಾತು, ಅದೇ ಹತ್ತು ವರ್ಷ. ಆಯಿ ನಕ್ಕು ಅವರಿಗೆ ಚಹಾ ಕೊಡುವರು. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಬರುವುದು ನಿಂತಿತು.

ನಿಲ್ಲಲು ಕಾರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ರೈಲಿನ ಮೂರನೆಯ ದರ್ಜೆ 1974ರಲ್ಲಿ ಹೆಸರಿನ ಮಟ್ಟಿಗೆ ರದ್ದಾಯಿತು, ಮರದ ಹಲಗೆ ಮಾತ್ರ ಹಾಗೆಯೇ ಇತ್ತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆಯವರು ಆ ಹಲಗೆಗಳ ಮೇಲೆ ಎರಡು ಇಂಚಿನ ಫೋಮು ಹಾಕಿಸಿದರು. ಕೊಂಕಣದ ರಾಜಾಪುರದಿಂದ ಗೆದ್ದು ಬಂದಿದ್ದ ಸಮಾಜವಾದಿ ಅವರು. ಹಲಗೆಯ ಮೇಲೆ ರಾತ್ರಿ ಕಳೆಯುವವರ ಬೆನ್ನು ಅವರಿಗೆ ಗೊತ್ತಿತ್ತು. ಆ ಎರಡು ಇಂಚು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗೌರವ ಪಡೆದಿಲ್ಲ ಎಂದು ನಮ್ಮ ಅಭಿಪ್ರಾಯ. ಹಾಸಿಗೆ ಹೊತ್ತು ರೈಲು ಹತ್ತುವ ಅಗತ್ಯ ಅಂದಿನಿಂದ ಕರಗುತ್ತ ಬಂತು, ಹೋಲ್ಡಾಲ್‌ಗಳು ಅಟ್ಟ ಸೇರಿದವು. ಕೊರೋನಾ ಕಾಲದಲ್ಲಿ, 2020ರಿಂದ 2022ರ ಮಾರ್ಚಿನವರೆಗೆ, ರೈಲ್ವೆ ಇಲಾಖೆ ಹೊದಿಕೆ ಕೊಡುವುದನ್ನು ನಿಲ್ಲಿಸಿದಾಗ ಜನ ಮತ್ತೆ ಚಾದರ, ಕಂಬಳಿಗಳನ್ನು ಮನೆಯಿಂದ ಹೊತ್ತು ತಂದರು. ಅಟ್ಟದ ಹೋಲ್ಡಾಲನ್ನು ಹುಡುಕಿದವರೂ ಇದ್ದರು. ಜಿರಳೆಗಳು ಅದನ್ನು ಅಷ್ಟರಲ್ಲಿ ಮುಗಿಸಿದ್ದವು.

ಮನೆಯೊಳಗಿನ ಬದಲಾವಣೆಗೆ ಕರ್ನಾಟಕದ್ದೇ ಒಂದು ಕೊಡುಗೆಯಿದೆ. ಮಣಿಪಾಲದ ಪೈ ಮನೆತನದವರು 1962ರಲ್ಲಿ ಆರಂಭಿಸಿದ ಸಂಸ್ಥೆಯಿಂದ ಬಂದ ರಬ್ಬರು ಬೆರೆಸಿದ ತೆಂಗಿನ ನಾರಿನ ಹಾಸಿಗೆ, ಕರ್ಲಾನ್, ಮಧ್ಯಮವರ್ಗದ ಮನೆಗಳಲ್ಲಿ ಎಷ್ಟು ಹಬ್ಬಿತೆಂದರೆ ಯಾವ ಕಂಪನಿಯದಾದರೂ ಅದು ‘ಕರ್ಲಾನ್’ ಆಯಿತು. ಅದನ್ನು ಹಿಂಜಬೇಕಾಗಿಲ್ಲ, ಬಿಸಿಲಿಗೆ ಹಾಕಬೇಕಾಗಿಲ್ಲ. ಸುತ್ತಲು ಬರುವುದಿಲ್ಲ, ಅಷ್ಟೆ. ಬಲವಂತವಾಗಿ ಮಡಚಿದರೆ ಒಳಗಿನ ನಾರಿನ ಬಂಧ ಬಿಡುತ್ತದೆ. ಸ್ಪ್ರಿಂಗಿನ ಹಾಸಿಗೆಯದು ಇನ್ನೂ ಕಟ್ಟುನಿಟ್ಟು. ಅದರ ಅಂಚಿನ ಸುತ್ತ ಒಂದು ದಪ್ಪ ತಂತಿ ಓಡಿರುತ್ತದೆ. ಅದು ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಸುತ್ತಲಾಗದ ಹಾಸಿಗೆಗೆ ನೆಲದಲ್ಲಿ ಸ್ಥಾನವಿಲ್ಲ, ಮಂಚ ಬೇಕು. ಮಂಚಕ್ಕೆ ಕೋಣೆ ಬೇಕು. ಒಂದು ಕೋಣೆಯ ಚಾಳಿನಿಂದ ಡೊಂಬಿವಲಿ, ಮೀರಾರೋಡು, ಕಲ್ಯಾಣಗಳ ಎರಡು ಕೋಣೆಯ ಮನೆಗೆ ಹೋದವರ ಕತೆಯೂ, ಸುರುಳಿ ಹೋಗಿ ಹಲಗೆ ಬಂದ ಕತೆಯೂ ಬೇರೆ ಬೇರೆಯಲ್ಲ. ಆ ಹಾಸಿಗೆ ಮನೆಗೆ ಬಂದ ದಿನ ಅಪ್ಪ, ‘ಇನ್ನು ಊರಿಗೆ ಹೋಗುವ ಮಾತು ಮುಗಿಯಿತು’ ಎಂದಿದ್ದರು. ತಮಾಷೆಗೆ ಹೇಳಿದರೋ ಇಲ್ಲವೋ ನಮಗೆ ಆಗ ತಿಳಿಯಲಿಲ್ಲ.

ಹಲಗೆಯಾದ ಹಾಸಿಗೆಯನ್ನು ಒಯ್ಯುವುದು ಹೇಗೆ ಎಂಬ ಪ್ರಶ್ನೆ ಆಗ ಹುಟ್ಟಿತು. ಮೊದಲು ಕೈಗಾಡಿ. ಆಮೇಲೆ ಟೆಂಪೊ, ಜರ್ಮನಿಯ ಒಂದು ಕಂಪನಿಯ ಗಾಡಿಯ ಹೆಸರಾಗಿದ್ದ ಈ ಪದ, 1958ರಲ್ಲಿ ಬಜಾಜ್ ಟೆಂಪೊ ಆರಂಭವಾದ ಮೇಲೆ ಎಲ್ಲ ಸಣ್ಣ ಸರಕು ಗಾಡಿಗಳಿಗೂ ಸಂದಿತು. 1969ರಲ್ಲಿ ಮ್ಯಾಟಡೋರ್ ವ್ಯಾನು ಬಂತು, 2005ರಲ್ಲಿ ಟಾಟಾ ಏಸ್. ಜನರೇ ‘ಛೋಟಾ ಹಾಥಿ’ ಎಂದು ಕರೆದ ಈ ಗಾಡಿಯ ಹಿಂಭಾಗ ಸುಮಾರು 7 ಅಡಿ ಉದ್ದ, ಐದು ಅಡಿಗೆ ತುಸು ಕಡಿಮೆ ಅಗಲ. ಆರು ಅಡಿ ಅಗಲದ ಹಾಸಿಗೆ ಅದರಲ್ಲಿ ಮಲಗುವುದಿಲ್ಲ, ಪಕ್ಕದ ಮೇಲೆ ನಿಲ್ಲಬೇಕು. ನಿಂತರೆ ಗಾಳಿಗೆ ಹಾಯಿಯಾಗುತ್ತದೆ. ಫ್ರಿಜ್ಜಿಗೂ ಕಪಾಟಿಗೂ ನಡುವೆ ಒತ್ತಿ ನಿಲ್ಲಿಸಿ, ಎರಡು ಕಡೆ ಹಗ್ಗ ಬಿಗಿದರೆ ಮಾತ್ರ ಕ್ಷೇಮ.

ಕಾರಿನ ನೆತ್ತಿಯ ಮೇಲೆ ಒಯ್ಯುವವರದು ಬೇರೆಯೇ ಸಾಹಸ. 1983ರಲ್ಲಿ ಬಂದ ಮಾರುತಿ 800ರ ಅಗಲ ಒಂದೂವರೆ ಮೀಟರಿಗಿಂತ ಕಡಿಮೆ. ಅದರ ಮೇಲೆ ಆರು ಅಡಿಯ ಹಾಸಿಗೆಯಿಟ್ಟರೆ ಎರಡೂ ಕಡೆ ಒಂದೊಂದು ಗೇಣು ಹೊರಚಾಚುತ್ತದೆ. ಹಗ್ಗವನ್ನು ಕಿಟಕಿಯಿಂದ ಕಿಟಕಿಗೆ ದಾಟಿಸಿ, ಒಳಗೆ ಕುಳಿತವರೆಲ್ಲ ಹೊರಗೆ ಕೈ ಚಾಚಿ ಹಾಸಿಗೆಯನ್ನು ಹಿಡಿದು ಹೋಗುವ ದೃಶ್ಯವನ್ನು ನಮ್ಮಲ್ಲಿ ಕಾಣದವರು ಕಡಿಮೆ. ಆ ಕೈಗಳು ಮನಸ್ಸಮಾಧಾನಕ್ಕೆ ಮಾತ್ರ. ಲೆಕ್ಕ ಹಾಕಿ ನೋಡಿದರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಮುಂದಿನ ಅಂಚು ಎದ್ದು ಹಾಸಿಗೆ ಗಾಳಿಗೆ ಪೂರ್ತಿ ಎದೆಯೊಡ್ಡಿದರೆ ಅದರ ಮೇಲೆ ಬೀಳುವ ಒತ್ತಡ ನೂರು ಕಿಲೋ ತೂಕಕ್ಕೂ ಮಿಗಿಲು. ವೇಗ ಅರ್ಧವಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಗರದೊಳಗೆ ಮೆಲ್ಲಗೆ ಬಂದ ಹಾಸಿಗೆ ಹೆದ್ದಾರಿ ಮುಟ್ಟಿದೊಡನೆ ರೆಕ್ಕೆ ಬಿಚ್ಚುತ್ತದೆ. ಹಿಂದೆ ಬರುವ ಬೈಕಿನವನ ಪ್ರಾಣಕ್ಕೆ ಅದು ಎರವಾಗಬಹುದು. ಒಳಗೆ ಗಾಳಿ ತುಂಬಿದ ವಸ್ತುವನ್ನು ಹೊರಗಿನ ಗಾಳಿಯೂ ಬಿಡುವುದಿಲ್ಲ.

ಈ ತೊಡಕಿಗೆ ಕೈಗಾರಿಕೆ ಕಂಡುಕೊಂಡ ಪರಿಹಾರ ಹಳೆಯದೇ. ಜರ್ಮನಿಯಲ್ಲಿ ಒಟ್ಟೊ ಬಾಯರ್ 1937ರಲ್ಲಿ ಕಂಡುಹಿಡಿದ ಪಾಲಿಯುರೆಥೇನಿನಿಂದ ಮುಂದೆ ಮೆತ್ತನೆಯ ಫೋಮು ತಯಾರಾಯಿತು. ಅದನ್ನು ಒತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ, ಗಾಳಿ ಹೀರಿ, ಸುತ್ತಿ ಪೆಟ್ಟಿಗೆಗೆ ಹಾಕಿ ಮಾರುವ ಪದ್ಧತಿ ಈ ಶತಮಾನದಲ್ಲಿ ಅಮೆರಿಕದಲ್ಲಿ ಬಲಿತು, 2016ರಲ್ಲಿ ಆರಂಭವಾದ ಬೆಂಗಳೂರಿನ ವೇಕ್‌ಫಿಟ್‌ನಂಥ ಕಂಪನಿಗಳ ಮೂಲಕ ನಮ್ಮ ಬಾಗಿಲಿಗೂ ಬಂತು. ಕೊಲಾಬಾದ ಹತ್ತಿ ಪ್ರೆಸ್ಸನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣಿಸುತ್ತಿರಲಿಲ್ಲ. ಆರು ಅಡಿಯ ಹಾಸಿಗೆ ಈಗ ಲಿಫ್ಟಿನಲ್ಲಿ ಬರುತ್ತದೆ, ಕಾರಿನಲ್ಲಿ ಹಿಡಿಸುತ್ತದೆ. ಪ್ಲಾಸ್ಟಿಕ್ ಕತ್ತರಿಸಿದೊಡನೆ ಉಸಿರೆಳೆದುಕೊಂಡು ಉಬ್ಬುತ್ತದೆ. ಆದರೆ ಮನೆಯವರ ಕೈಗೆ ಅದನ್ನು ಮತ್ತೆ ಸುತ್ತುವುದು ಸಾಧ್ಯವಿಲ್ಲ. ಆ ಒತ್ತಡ ಕಾರ್ಖಾನೆಯಲ್ಲೇ ಉಳಿದಿದೆ. ಬರುವಾಗ ಸುರುಳಿ, ಹೋಗುವಾಗ ಹಲಗೆ. ಹಿಂಜಿ ಹೊಸದು ಮಾಡಲು ಒಳಗೆ ಎಳೆಯೂ ಇಲ್ಲ. ಆದ್ದರಿಂದ ಬಾಡಿಗೆ ಮನೆ ಬಿಡುವ ಎಳೆಯರು ಹಾಸಿಗೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನಮ್ಮ ಹೊಸ ಕಟ್ಟಡದ ಹಿಂದಿನ ಕಸದ ಮೂಲೆಯಲ್ಲಿ ತಿಂಗಳಿಗೆ ಒಂದೆರಡಾದರೂ ಬಿದ್ದಿರುತ್ತವೆ.

ಇನ್ನು ನಮ್ಮ ಹಾಸಿಗೆಯ ವಿಷಯ. ಎರಡನೆಯ ಸುತ್ತಿಗೆಂದು ಹೋದ ಗಾಡಿ ಆ ರಾತ್ರಿ ಬರಲಿಲ್ಲ. ಮುಂಗಾರಿಗೆ ಮೊದಲಿನ ಮಳೆ ಹೊಡೆದು ಕಲ್ಯಾಣ-ಶಿಳ್ ರಸ್ತೆ ನಿಂತುಹೋಗಿದೆ, ಬೆಳಗ್ಗೆ ತರುತ್ತೇನೆ ಎಂದು ಚಾಲಕ ಫೋನು ಮಾಡಿದ. ಹೊಸ ಮನೆಯಲ್ಲಿ ಮಂಚವಿತ್ತು, ಹಾಸಿಗೆಯಿರಲಿಲ್ಲ. ಆಯಿಯ ಸುರುಳಿಯನ್ನು ಹಾಲಿನ ನಡುವೆ ಇಟ್ಟು ಹಗ್ಗ ಬಿಚ್ಚಲು ಕುಳಿತೆವು. ಆಯಿ ಹಾಕಿದ್ದು ಒಂದು ವಿಚಿತ್ರ ಗಂಟು, ಹೊರೆ ಕಟ್ಟುವವರು ಹಾಕುವಂಥದ್ದು. ಅಲ್ಲಿ ಎಳೆದರೆ ಬಿಗಿಯುತ್ತದೆ, ಇಲ್ಲಿ ಎಳೆದರೆ ಜಾರುತ್ತದೆ. ಸ್ವಲ್ಪ ಹೊತ್ತು ತಡವಿದ ಮೇಲೆ ಇದ್ದಕ್ಕಿದ್ದಂತೆ ಅದು ತಾನಾಗಿಯೇ ಬಿಟ್ಟುಕೊಂಡಿತು. ಹಾಸಿಗೆ ಒಂದು ಕ್ಷಣ ಸುರುಳಿಯಾಗಿಯೇ ಇದ್ದು, ಆಮೇಲೆ ಮೆಲ್ಲನೆ ತೆರೆದುಕೊಂಡಿತು. ಒಳಗಿಂದ ಬೇವಿನ ಎಲೆಯ ಪುಡಿ ಉದುರಿತು. ಹತ್ತಿ ಕಲ್ಲಾಗಿತ್ತು; ಇಬ್ಬರಿಗೆ ಅಗಲ ಸಾಲದೆ ಅರ್ಧ ಮೈ ನೆಲದ ಮೇಲೆಯೇ ಇತ್ತು. ನಿದ್ದೆ ಬಂತು.

ಮರುದಿನ ದೊಡ್ಡ ಹಾಸಿಗೆ ಬಂತು, ಒಂದು ಮೂಲೆ ಬಾಗಿತ್ತು. ಆಯಿಯ ಹಾಸಿಗೆಯನ್ನು ಮತ್ತೆ ಸುತ್ತಿ ಕಟ್ಟಲು ಹೋದಾಗ ಆ ಗಂಟು ನಮಗೆ ಬರಲಿಲ್ಲ. ನಾಲ್ಕು ಬಾರಿ ಪ್ರಯತ್ನಿಸಿದೆವು, ನಾಲ್ಕು ಬಾರಿಯೂ ಜಾರಿತು. ಸದ್ಯಕ್ಕೆ ಅದನ್ನು ಹಾಲಿನ ಕಿಟಕಿಯ ಕೆಳಗೆ ಬಿಚ್ಚಿಯೇ ಹಾಕಿದ್ದೇವೆ. ಠಾಣೆಯ ಪೇಟೆಯಲ್ಲಿ ಯಂತ್ರದಿಂದ ಹತ್ತಿ ಹಿಂಜುವ ಒಂದು ಅಂಗಡಿ ಇನ್ನೂ ಇದೆಯಂತೆ. ಮಳೆ ನಿಂತ ಮೇಲೆ ಹೋಗಿ ವಿಚಾರಿಸಬೇಕು.